ಮನೆ, ಕೆಲಸ, ತಿರುಗಾಟದ ಬಗ್ಗೆ ಬರೆಯುವಾಗ ಯಾವುದನ್ನು ಬಿಡಬೇಕು?

ಪ್ರಶ್ನೆ: ಕೆಸುವಿನೆಲೆ

ಎಲ್ಲರಿಗೂ ನಮಸ್ಕಾರ. ನಾನು ಸಕಲೇಶಪುರದ ಕಡೆಯವಳು. ಅಂಚೆ ಕಚೇರಿಯಲ್ಲಿ ಕೌಂಟರ್ ಕೆಲಸ. ಯಜಮಾನರು ಸಣ್ಣ ಕಾಫಿ ತೋಟ ನೋಡಿಕೊಳ್ಳುತ್ತಾರೆ. ಮನೆಯಲ್ಲಿ ಅತ್ತೆ, ಏಳನೇ ಕ್ಲಾಸಿನ ಮಗಳು, ಒಂದು ನಾಯಿ.

ಭಾನುವಾರ ರಾತ್ರಿ ಅಡುಗೆಮನೆ ತೊಳೆದಾದ ಮೇಲೆ ಆ ವಾರದ್ದನ್ನೆಲ್ಲ ಬರೆದು ಸಂಬಂಧಿಕರ ವಾಟ್ಸಾಪ್ ಗ್ರೂಪಿಗೆ ಹಾಕುವುದು ನನ್ನ ಅಭ್ಯಾಸ. ದೊಡ್ಡ ವಿಷಯ ಏನೂ ಇರುವುದಿಲ್ಲ. ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್ ಕೆಟ್ಟು ಕೊಯ್ದ ಹಣ್ಣು ಚೀಲದಲ್ಲೇ ಉಳಿದದ್ದು. ಆನೆ ಬಂದಿದೆ ಎಂದು ಮೆಸೇಜ್ ಬಂದು ಕೆಲಸದವರನ್ನು ಬೇಗ ಮನೆಗೆ ಕಳಿಸಿದ್ದು. ಪಾಸ್‌ಬುಕ್ ಹಿಡಿದು ಬಂದ ಅಜ್ಜಿಯೊಬ್ಬರು ಕೆಲಸ ಮುಗಿದ ಮೇಲೂ ಹೋಗದೆ, ನನ್ನ ಮೂಗುತಿ ಎಲ್ಲಿ ಮಾಡಿಸಿದ್ದು ಎಂದು ವಿಚಾರಿಸಿದ್ದು. ರೈಲಿನಲ್ಲಿ ಸುಬ್ರಹ್ಮಣ್ಯಕ್ಕೆ ಹೋದದ್ದನ್ನು ಬರೆದಾಗ ಎಲ್ಲರಿಗೂ ಬಹಳ ಇಷ್ಟವಾಯಿತು. ಘಾಟಿಯಲ್ಲಿ 57 ಸುರಂಗ ಇವೆ. ಮಗಳು ಪ್ರತಿ ಸಲ ಎಣಿಸುತ್ತಾಳೆ, ಒಂದು ಸಲವೂ ಲೆಕ್ಕ ಸರಿ ಬಂದಿಲ್ಲ. ಎಡಕುಮೇರಿ ಸ್ಟೇಷನ್ ದಾಟುವ ಹೊತ್ತಿಗೆ ಯಾರಾದರೂ ತಿಂಡಿಯ ಡಬ್ಬಿ ತೆಗೆದಿರುತ್ತಾರೆ.

ಈಗ ನಮ್ಮ ಚಿಕ್ಕಪ್ಪನ ಮಗ, "ಅಕ್ಕ, ಇದನ್ನೆಲ್ಲ ಗ್ರೂಪಿನಲ್ಲಿ ಯಾಕೆ ಬಚ್ಚಿಟ್ಟಿದ್ದೀಯಾ, ನೆಟ್‌ನಲ್ಲಿ ಹಾಕು, ಎಲ್ಲರೂ ಓದಲಿ" ಎಂದು ಹಟ ಹಿಡಿದಿದ್ದಾನೆ. ನನಗೂ ಆಸೆ ಇದೆ, ಸುಳ್ಳು ಯಾಕೆ ಹೇಳಲಿ. ಆದರೆ ಅತ್ತೆ "ಮನೆ ಮಾತು ಜಗಲಿ ಇಳಿಯಬಾರದು" ಅನ್ನುವವರು. ಮಗಳು ಈಗೀಗ "ನನ್ನ ವಿಷಯ ಬರೀಬೇಡ" ಅನ್ನುತ್ತಾಳೆ. ನನ್ನದು ಸರ್ಕಾರಿ ಕೆಲಸ ಬೇರೆ. ಊರಿಗೆ ಹೋದದ್ದನ್ನು ಬರೆದರೆ ಮನೆಗೆ ಬೀಗ ಎಂದು ನಾನೇ ಹೇಳಿದ ಹಾಗಲ್ವಾ? ಇದನ್ನೆಲ್ಲ ಬಿಟ್ಟು ಬರೆದರೆ ಉಳಿಯುವುದು ನಾಯಿ ಮಾತ್ರ. ಹೀಗೆ ಬರೆಯುವವರು ಇಲ್ಲಿ ಯಾರಾದರೂ ಇದ್ದರೆ, ಯಾವುದನ್ನು ಇಟ್ಟುಕೊಳ್ಳುತ್ತೀರಿ, ಯಾವುದನ್ನು ಬಿಡುತ್ತೀರಿ ಹೇಳಿ.

ಉತ್ತರ: ಕೊನೇ ಸೀಟು

ಸುಮ್ನೆ ಹಾಕಿ ಅಕ್ಕ. ಮೊದಲ ಒಂದು ವರ್ಷ ಯಾರೂ ಓದುವುದಿಲ್ಲ. ನಾನು ಬರೆದದ್ದನ್ನು ನನ್ನ ಹೆಂಡತಿಯೇ ಓದಲ್ಲ. ಆಮೇಲೆ ಯಾರಾದರೂ ಓದಲು ಶುರು ಮಾಡಿದರೆ ಆಗ ಹೆದರಿದರಾಯಿತು.

ಉತ್ತರ: ರಾತ್ರಿ ಸಾರ್ಟರ್, ಹುಬ್ಬಳ್ಳಿ

ತಂಗೀ, ನಾನೂ ಅಂಚೆ ಇಲಾಖೆಯವನೇ. ಆರ್‌ಎಂಎಸ್‌ನಲ್ಲಿ, ಅಂದರೆ ರೈಲ್ವೆ ಅಂಚೆ ಸೇವೆಯಲ್ಲಿ ಇದ್ದೆ, ಎಚ್‌ಬಿ ಡಿವಿಜನ್. ಈಗ ರಿಟೈರ್ ಆಗಿದ್ದೇನೆ. ಓಡುವ ರೈಲಿನ ಡಬ್ಬಿಯಲ್ಲಿ ರಾತ್ರಿಯೆಲ್ಲ ನಿಂತು ಕಾಗದ ವಿಂಗಡಿಸಿದವನು. ಮೇಲಿನವರ ಹಾಗೆ ಸುಮ್ನೆ ಹಾಕಿ ಎಂದು ನಾನು ಹೇಳುವುದಿಲ್ಲ. ಯಾರೂ ಓದುವುದಿಲ್ಲ ಎಂದುಕೊಂಡು ಹಾಕಿದ್ದನ್ನೇ, ಓದಬಾರದವರು ಮೊದಲು ಓದುತ್ತಾರೆ.

ನನ್ನ ಲೆಕ್ಕ ಕೇಳಿ. ನಮ್ಮ ಕಾಲದಲ್ಲಿ ಅಂಚೆ ಕಾರ್ಡು ಬಂದರೆ ಪೋಸ್ಟ್‌ಮನ್ ಓದುತ್ತಿದ್ದ, ಓಣಿಯವರೂ ಓದುತ್ತಿದ್ದರು. ಅಕ್ಷರ ಬಾರದವರ ಮನೆಯಲ್ಲಿ ಕಟ್ಟೆ ಮೇಲೆ ಕೂತು ಅವನೇ ಓದಿ ಹೇಳಬೇಕಿತ್ತು. ಬರೆಯುವವರಿಗೂ ಅದು ಗೊತ್ತಿತ್ತು. ಅದಕ್ಕೇ ಕಾರ್ಡಿನಲ್ಲಿ ಎಲ್ಲರೂ ಕ್ಷೇಮ, ಎಮ್ಮೆ ಈದಿದೆ, ಮಳೆ ಚೆನ್ನಾಗಿದೆ, ಜಾತ್ರೆಗೆ ಬನ್ನಿ, ಇಷ್ಟೇ ಇರುತ್ತಿತ್ತು. ಸಾಲದ ಮಾತು, ಸೊಸೆಯ ಮೇಲಿನ ತಕರಾರು ಇನ್‌ಲ್ಯಾಂಡಿಗೆ, ಅಂದರೆ ಮಡಚಿ ಅಂಟಿಸುವ ಕಾಗದಕ್ಕೆ. ಅದನ್ನು ಮನೆಯವರು ಒಡೆದು ಮನೆಯವರೇ ಓದುತ್ತಿದ್ದರು. ಹುಡುಗಿಯ ಮದುವೆ ಮಾತು ಮುರಿದದ್ದು, ಕಾಯಿಲೆಯ ಹೆಸರು, ಇವೆಲ್ಲ ಲಕೋಟೆಗೆ, ಗೋಂದು ಹಚ್ಚಿ. ಕಾರ್ಡಿಗೆ 50 ಪೈಸೆ, ಇನ್‌ಲ್ಯಾಂಡಿಗೆ ಎರಡೂವರೆ ರೂಪಾಯಿ, ಲಕೋಟೆಗೆ 5 ರೂಪಾಯಿ. ಗುಟ್ಟಿಗೆ ದುಡ್ಡು ಜಾಸ್ತಿ.

ನೀವು ಈಗ ಗ್ರೂಪಿಗೆ ಬರೆಯುತ್ತಿರುವುದು ಇನ್‌ಲ್ಯಾಂಡು. ನೆಟ್‌ಗೆ ಹಾಕುವುದು ಕಾರ್ಡು. ಇನ್‌ಲ್ಯಾಂಡಿನಲ್ಲಿ ಇದ್ದದ್ದನ್ನು ಹಾಗೇ ಕಾರ್ಡಿಗೆ ಇಳಿಸಲು ಆಗುವುದಿಲ್ಲ. ಅದಕ್ಕೆ ಹಳೆಯದನ್ನೆಲ್ಲ ಎತ್ತಿ ಹಾಕಬೇಡಿ. ಹೊಸದಾಗಿ, ಪೋಸ್ಟ್‌ಮನ್ ಓದುತ್ತಾನೆ ಎಂದು ತಿಳಿದುಕೊಂಡೇ ಬರೆಯಿರಿ. ಕಾರ್ಡಿನಲ್ಲಿ ಬರೆಯಲು ವಿಷಯ ಇರುವುದಿಲ್ಲ ಎಂದು ಮಾತ್ರ ತಿಳಿಯಬೇಡಿ. ಎಮ್ಮೆ ಈದದ್ದನ್ನು ಮೂರು ಸಾಲಿನಲ್ಲಿ ಎಷ್ಟು ಚೆಂದ ಬರೆಯುತ್ತಿದ್ದರು ಅಂತೀರಿ! ಬೇರೆಯವರ ಕಾಗದ ಓದಬಾರದು. ಆದರೆ ಕಾರ್ಡು ಅಂಗೈಯಲ್ಲಿ ಬಂದು ಕೂತರೆ ಕಣ್ಣು ಮುಚ್ಚಿಕೊಳ್ಳಲು ಆಗುತ್ತಾ?

ಕೆಲಸದ ವಿಷಯ. ನಿಮಗೆ ಅನ್ವಯವಾಗುವುದು ಕೇಂದ್ರ ನಾಗರಿಕ ಸೇವಾ ನಡತೆ ನಿಯಮಗಳು, 1964. ಎಂಟು, ಒಂಬತ್ತು, ಹನ್ನೊಂದನೆಯ ನಿಯಮಗಳನ್ನು ಕೂತು ಓದಿ, ಅರ್ಧ ಗಂಟೆಯ ಕೆಲಸ. ಸಾರ್ವಜನಿಕವಾಗಿ ಬರೆಯುವಾಗ ಅಭಿಪ್ರಾಯ ನಿಮ್ಮದು, ಸರ್ಕಾರದ್ದಲ್ಲ ಎಂದು ಸ್ಪಷ್ಟವಾಗಿರಬೇಕು. ಸರ್ಕಾರದ ನೀತಿಯನ್ನು ಟೀಕಿಸುವ ಹಾಗಿಲ್ಲ. ಕಚೇರಿಯ ಮಾಹಿತಿ ಹೊರಗೆ ಹೋಗಬಾರದು. ಬರೆಯುವ ಮೊದಲು ಮೇಲಧಿಕಾರಿಗಳ ಕಿವಿಗೆ ಒಂದು ಮಾತು ಹಾಕಿಡಿ, ಆಮೇಲೆ ಬೇರೆಯವರ ಬಾಯಿಂದ ಕೇಳುವುದಕ್ಕಿಂತ ಒಳ್ಳೆಯದು.

ಆ ಅಜ್ಜಿ ಮೂಗುತಿ ಕೇಳಿದ್ದನ್ನು ಧಾರಾಳವಾಗಿ ಬರೆಯಿರಿ. ಅವರು ಆರ್‌ಡಿ ಕಟ್ಟಲು ಬಂದಿದ್ದರಾ, ಹಣ ತೆಗೆಯಲು ಬಂದಿದ್ದರಾ, ನಾಮಿನಿ ಯಾರು, ಇದು ಕೂಡದು. ಹೆಸರು ಹಾಕಿಲ್ಲ ಎನ್ನುವುದು ನೆಪವಲ್ಲ. ಸಣ್ಣ ಊರಿನಲ್ಲಿ "ಡೇರಿ ಪಕ್ಕದ ಮನೆಯ ಅಜ್ಜಿ" ಎಂದರೆ ಸಾಕು, ಆಧಾರ್ ಕಾರ್ಡೇ ತೋರಿಸಿದ ಹಾಗೆ.

ಪ್ರಯಾಣದ್ದು ಸುಲಭ. ಮನೆಗೆ ವಾಪಸ್ ಬಂದು, ಬಟ್ಟೆ ಒಗೆದು ಹರವಿದ ಮೇಲೆ ಬರೆಯಿರಿ. ರೈಲಿನಲ್ಲಿ ಕೂತೇ ಹಾಕಿದರೆ ಓದುವವರಿಗೆ ಏನು ಜಾಸ್ತಿ ಸಿಗುತ್ತದೆ? ಫೋನಿನ ಕ್ಯಾಮೆರಾದಲ್ಲಿ ಲೊಕೇಶನ್ ಆನ್ ಇದ್ದರೆ ಫೋಟೊದ ಒಳಗೆ ಜಾಗದ ಗುರುತು ಸೇರಿಕೊಳ್ಳುತ್ತದೆ. ಅಂಗಳದ ಹೂವಿನ ಫೋಟೊದಲ್ಲಿ ಮನೆಯ ವಿಳಾಸ ಇದ್ದ ಹಾಗೆ. ಅದನ್ನು ಆಫ್ ಮಾಡಿಡಿ.

ಇನ್ನು ಅತ್ತೆಯವರು. ಅವರಿಗೆ ಓದಲು ಕೊಡಬೇಡಿ, ನೀವೇ ಗಟ್ಟಿಯಾಗಿ ಓದಿ ಹೇಳಿ. ನಮ್ಮ ಮನೆಯಾಕೆಗೆ ನಾನು ಹಾಗೇ ಮಾಡುವುದು. ಆಕೆ ಒಗ್ಗರಣೆ ಹಾಕುತ್ತಾ ಕೇಳುತ್ತಾಳೆ. ಬರೆದದ್ದು ಬೇಡ ಎಂದು ತಡೆದದ್ದು ಬಹಳ ಕಡಿಮೆ. "ಅದು ಶ್ರಾವಣ ಅಲ್ಲರೀ, ಆಷಾಢ", "ಆ ದಿನ ಬದನೆಕಾಯಿ ಅಲ್ಲ, ಹೀರೇಕಾಯಿ" ಎಂದು ತಿದ್ದುವುದೇ ಹೆಚ್ಚು. ಗಟ್ಟಿಯಾಗಿ ಓದುವಾಗ ಯಾವ ಸಾಲಿನಲ್ಲಿ ನಿಮ್ಮ ದನಿ ತಗ್ಗುತ್ತದೋ ಆ ಸಾಲು ಕಾರ್ಡಿನದ್ದಲ್ಲ.

ಉತ್ತರ: ಎರಡನೇ ಜಡೆ

ನಾನು ಆ ಮಗಳ ಕಡೆಯಿಂದ ಮಾತಾಡುತ್ತೇನೆ. ನಮ್ಮಮ್ಮನೂ ಹೀಗೇ ಬರೆಯುತ್ತಿದ್ದರು. ನಮ್ಮದು ಕೊಪ್ಪ ಕಡೆ, ಈಗ ನಾನು ಬೆಂಗಳೂರಿನಲ್ಲಿ ಓದುತ್ತಿದ್ದೇನೆ.

ಒಂಬತ್ತನೇ ಕ್ಲಾಸಿನಲ್ಲಿ ನಾನು ಗಣಿತದಲ್ಲಿ ಫೇಲಾದೆ, ರಾತ್ರಿ ಊಟ ಬಿಟ್ಟು ಅಳುತ್ತಾ ಕೂತೆ. ಅಮ್ಮ ಅದನ್ನು ಬರೆದರು. ಬಹಳ ಪ್ರೀತಿಯಿಂದಲೇ ಬರೆದಿದ್ದರು, ಓದಿದವರೆಲ್ಲ ಅವರನ್ನು ಹೊಗಳಿದರು. ನನ್ನ ಹೆಸರು ಹಾಕಿರಲಿಲ್ಲ. ಆದರೆ ಅಮ್ಮನ ಹೆಸರು ಇತ್ತಲ್ಲ! ಮಾರನೇ ವಾರ ಗೆಳತಿಯ ತಾಯಿ ಬಸ್‌ಸ್ಟ್ಯಾಂಡಿನಲ್ಲಿ ನನ್ನ ತಲೆ ಸವರಿ "ಅಳಬಾರದು ಪುಟ್ಟಾ" ಅಂದರು. ಅವರಿಗೆ ಏನೂ ಕೆಟ್ಟ ಉದ್ದೇಶ ಇರಲಿಲ್ಲ. ನನಗೆ ಭೂಮಿ ಬಾಯಿ ಬಿಡಬಾರದೇ ಅನಿಸಿತು.

ಹಾಗಂತ ಅಮ್ಮ ಬರೆದದ್ದೆಲ್ಲ ನನಗೆ ಇಷ್ಟವಿಲ್ಲ ಅಂತಲ್ಲ. ಶೃಂಗೇರಿಯಿಂದ ಬರುವಾಗ ಕೊನೆಯ ಬಸ್ ತಪ್ಪಿ, ಜೀಪಿನಲ್ಲಿ ಅಡಿಕೆ ಮೂಟೆಗಳ ಮೇಲೆ ಕೂತು ಬಂದದ್ದನ್ನು ಬರೆದಿದ್ದಾರೆ. ಹಾಸ್ಟೆಲ್‌ನಲ್ಲಿ ಬೇಜಾರಾದಾಗ ಈಗಲೂ ಅದನ್ನು ತೆಗೆದು ಓದುತ್ತೇನೆ. ಅದರಲ್ಲಿ ನಾನು ಇದ್ದೇನೆ, ಮೂಗಿನಲ್ಲಿ ಸಿಂಬಳ ಸುರಿಸಿಕೊಂಡೇ ಇದ್ದೇನೆ. ಆದರೂ ನಾಚಿಕೆಯಿಲ್ಲ, ಯಾಕೆಂದರೆ ಅದು ನಾವಿಬ್ಬರೂ ಒಟ್ಟಿಗೆ ಮಾಡಿದ್ದು. ಗಣಿತದ ಅಳು ನನ್ನೊಬ್ಬಳದು.

ಒಂದು ಸಲ ಕೇಳಿ ಒಪ್ಪಿಗೆ ಆಯಿತು ಅಂದುಕೊಳ್ಳಬೇಡಿ ಆಂಟಿ. ಏಳನೇ ಕ್ಲಾಸಿನಲ್ಲಿ ಹೂಂ ಅಂದದ್ದಕ್ಕೆ ಹತ್ತನೇ ಕ್ಲಾಸಿನಲ್ಲಿ ಬೇಡ ಅನಿಸಬಹುದು. ಆಗ ತೆಗೆಯಲು ತಯಾರಿರಬೇಕು, ಎಷ್ಟೇ ಚೆನ್ನಾಗಿ ಬರೆದಿದ್ದರೂ.

ಉತ್ತರ: ಬಾಳ್ಳುಪೇಟೆ ಟು ಶಾರ್ಜಾ

ಅಕ್ಕ, ನಾನು ನಿಮ್ಮ ಪಕ್ಕದ ಊರಿನವನು. ಇಲ್ಲಿ ಏಸಿ ರೂಮಿನಲ್ಲಿ ಕೂತು ಇಂಥದ್ದನ್ನೇ ಹುಡುಕಿ ಓದುವವನು, ಹಾಗಾಗಿ ಓದುವವರ ಕಡೆಯಿಂದ ಒಂದು ಬೇಡಿಕೆ. "ಮಳೆ ಬಂತು, ಮಣ್ಣಿನ ಘಮ, ಮನಸ್ಸು ತುಂಬಿ ಬಂತು" ಅಂತ ಬರೆಯಬೇಡಿ, ಪ್ಲೀಸ್. ಎಷ್ಟು ಮಳೆ? 40 ಸೆಂಟಾ, ಒಂದು ಇಂಚು 10 ಸೆಂಟಾ? (ಗೊತ್ತಿಲ್ಲದವರಿಗೆ: ನೂರು ಸೆಂಟ್ ಅಂದರೆ ಒಂದು ಇಂಚು ಮಳೆ.) ಮಾರ್ಚ್, ಏಪ್ರಿಲ್‌ನಲ್ಲಿ ಹೂಮಳೆ ಒಂದು ಇಂಚಾದರೂ ಬೀಳದಿದ್ದರೆ ಕಾಫಿ ಹೂವು ಅರ್ಧಂಬರ್ಧ. ಸರಿಯಾಗಿ ಬಿದ್ದರೆ ಎಂಟು ಹತ್ತು ದಿನಕ್ಕೆ ತೋಟವೆಲ್ಲ ಬೆಳ್ಳಗೆ. ನೀವು ಬರೀ ಸೆಂಟ್ ಹೇಳಿ ಸಾಕು, ಘಮ ನಾನೇ ಹಾಕಿಕೊಳ್ಳುತ್ತೇನೆ. ನಮ್ಮಪ್ಪ ಫೋನಿನಲ್ಲಿ ಹೇಳುವುದು ಎರಡೇ ಮಾತು, "ಆರಾಮಾ? ಇಲ್ಲಿ 60 ಸೆಂಟ್." ಅದರಲ್ಲೇ ಅವರ ಮೂಡು ಗೊತ್ತಾಗುತ್ತದೆ.

ಇನ್ನೊಂದು. ಆನೆ ಯಾವ ತೋಟದಲ್ಲಿ ನಿಂತಿದೆ ಎಂದು ಅವತ್ತೇ ಹಾಕಬೇಡಿ. ನೋಡಲು ಜೀಪ್ ಹತ್ತಿಕೊಂಡು ಬರುವವರಿಗೆ ಕಡಿಮೆಯಿಲ್ಲ, ಒದ್ದಾಡುವುದು ಮಾತ್ರ ಲೈನ್ ಮನೆಗಳಲ್ಲಿರುವ ತೋಟದ ಕೆಲಸದವರು.

ಮತ್ತೆ ಕೆಸುವಿನೆಲೆ

ಎಲ್ಲರಿಗೂ ಥ್ಯಾಂಕ್ಸ್. ಸಾರ್ಟರ್ ಅಣ್ಣ ಹೇಳಿದ ಹಾಗೆ ಒಂದು ಬರಹ ತಯಾರು ಮಾಡಿ ಅತ್ತೆಗೆ ಗಟ್ಟಿಯಾಗಿ ಓದಿದೆ. ಅದರಲ್ಲಿ ಅವರೂ ನಾನೂ ಕಡುಬಿನ ಹಿಟ್ಟಿನ ವಿಷಯಕ್ಕೆ ಮುಖ ಊದಿಸಿಕೊಂಡದ್ದು ಇತ್ತು. ಅದನ್ನೇ ತೆಗೆಯಲು ಹೇಳುತ್ತಾರೆ ಎಂದುಕೊಂಡಿದ್ದೆ, ನನ್ನ ದನಿ ಅಲ್ಲೇ ತಗ್ಗಿತ್ತು ಕೂಡ. ಅತ್ತೆ ನಕ್ಕರು. "ಇರಲಿ ಬಿಡು, ಎಲ್ಲರ ಮನೇಲೂ ಇರೋದೇ" ಅಂದರು. ಅವರು ಹಿಡಿದದ್ದು ಬೇರೆಯೇ ಸಾಲು. ಈ ಸಲ ಮೆಣಸು ಮಾರಿಲ್ಲ, ಒಣಗಿಸಿ ಅಟ್ಟಕ್ಕೆ ಹಾಕಿದ್ದೇವೆ ಎಂದು ನಾನು ಒಂದು ಕಡೆ ಸುಮ್ನೆ ಸೇರಿಸಿದ್ದೆ. "ಮೂಟೆ ಎಲ್ಲಿದೆ ಅಂತ ಊರಿಗೆಲ್ಲ ಡಂಗುರ ಸಾರ್ತೀಯಾ?" ಎಂದು ಬೈದರು. ನಮ್ಮ ಕಡೆ ಕಣದಿಂದಲೇ ಕಾಫಿ, ಮೆಣಸು ಕದ್ದೊಯ್ಯುವವರು ಇದ್ದಾರೆ. ನಾನು ಫೋಟೊ, ಬೀಗ ಎಂದು ಯೋಚಿಸುತ್ತಿದ್ದೆ, ಇದು ತಲೆಗೇ ಹೋಗಿರಲಿಲ್ಲ. ಈಗ ಮಾರಿಯಾಗಿದೆ, ಅದಕ್ಕೇ ಇಲ್ಲಿ ಹೇಳುತ್ತಿದ್ದೇನೆ.

ಮಗಳಿಗೆ ಎರಡನೇ ಜಡೆಯವರ ಉತ್ತರ ತೋರಿಸಿದೆ. ಒಂದು ಸಲ ಓದಿ, ಫೋನ್ ತೆಗೆದುಕೊಂಡು ಹೋಗಿ ಇನ್ನೊಂದು ಸಲ ಓದಿದಳು. ಒಟ್ಟಿಗೆ ಮಾಡಿದ್ದನ್ನು ಬರೆಯಬಹುದಂತೆ, ಅವಳೊಬ್ಬಳೇ ಮಾಡಿದ್ದನ್ನು ಕೇಳಿ ಬರೆಯಬೇಕಂತೆ. ಸ್ಕೂಲಿನದ್ದು ಪೂರ್ತಿ ಬಂದ್. ನಾಯಿಯ ಫೋಟೊ ಎಷ್ಟು ಬೇಕಾದರೂ ಹಾಕಬಹುದು.

ಒಂದು ಸಣ್ಣ ಸಂದೇಹ ಉಳಿದಿದೆ ಅಣ್ಣ. ಈಗ ಕ್ಯಾಮೆರಾದಲ್ಲಿ ಲೊಕೇಶನ್ ಆಫ್ ಮಾಡಿದೆ. ಹಳೆಯ ಫೋಟೊಗಳಲ್ಲಿ ಮೊದಲೇ ಸೇರಿಕೊಂಡಿದ್ದರೆ?

ಉತ್ತರ: ರಾತ್ರಿ ಸಾರ್ಟರ್, ಹುಬ್ಬಳ್ಳಿ

ಈಗ ಆಫ್ ಮಾಡಿದರೆ ಹಳೆಯದರಲ್ಲಿ ಇದ್ದದ್ದು ಹೋಗುವುದಿಲ್ಲ ತಂಗೀ. ಆ ಫೋಟೊ ತೆರೆದು ಸ್ಕ್ರೀನ್‌ಶಾಟ್ ತೆಗೆದುಕೊಂಡು ಅದನ್ನು ಹಾಕಿ, ಜಾಗದ ಗುರುತು ಅದರಲ್ಲಿ ಬರುವುದಿಲ್ಲ. ವಾಟ್ಸಾಪ್‌ನಲ್ಲಿ ಯಾರಿಗಾದರೂ ಕಳಿಸುವಾಗ ಫೋಟೊ ಎಂದೇ ಕಳಿಸಿ. ಡಾಕ್ಯುಮೆಂಟ್ ಎಂದು ಕಳಿಸಿದರೆ ಗುರುತು ಹಾಗೇ ಹೋಗುತ್ತದೆ.

ಅತ್ತೆಯವರಿಗೆ ನಮಸ್ಕಾರ ತಿಳಿಸಿ. ಸೆನ್ಸಾರ್ ಕೆಲಸ ಅವರಿಗೇ ಕೊಟ್ಟುಬಿಡಿ.

ಉತ್ತರ: ಬಾಳ್ಳುಪೇಟೆ ಟು ಶಾರ್ಜಾ

ಅಕ್ಕ, ಮೆಣಸು ಕೆ.ಜಿ.ಗೆ ಎಷ್ಟಕ್ಕೆ ಹೋಯಿತು? ಅದು ಕಾರ್ಡಾ, ಇನ್‌ಲ್ಯಾಂಡಾ?

ಮತ್ತೆ ಕೆಸುವಿನೆಲೆ

ಲಕೋಟೆ.