ಯವತ್ ಹತ್ತಿರ 3 ಎಕರೆ, 5 ಹಸು. ಬೇಸಿಗೆ ಮೇವಿಗೆ ಈಗ ಏನು ಬಿತ್ತಲಿ?

ಹಡಪ್ಸರ್ ಹೈದ:
ಎಲ್ಲರಿಗೂ ನಮಸ್ಕಾರ. ನಮ್ಮೂರು ಇಂಡಿ ಕಡೆ, ಪುಣೆಗೆ ಬಂದು ಹತ್ತು ವರ್ಷ ಆಯ್ತು. ಯವತ್ ಹತ್ತಿರ 3 ಎಕರೆ ಎರೆ ಹೊಲ ಲಾವಣಿಗೆ ಹಿಡಿದಿದ್ದೇನೆ, 5 ಮಿಶ್ರತಳಿ ಹಸು ಇವೆ. ಬಾವಿ ನೀರು ಸಂಕ್ರಾಂತಿವರೆಗೆ ಚಿಂತೆಯಿಲ್ಲ, ಮಾರ್ಚ್ ನಂತರ ದಿನಕ್ಕೆ ಒಂದು ತಾಸು ಮೋಟಾರ್ ಓಡಿದರೆ ಹೆಚ್ಚು. ಹೋದ ಬೇಸಿಗೆಯಲ್ಲಿ ಮೇವಿಲ್ಲದೆ ಎರಡು ತಿಂಗಳು ಬರೀ ಕಬ್ಬಿನ ಸೋಗೆ ಹಾಕಿದೆ. ಹಾಲು ಅರ್ಧಕ್ಕೆ ಇಳಿಯಿತು, ಎರಡು ಹಸು ಗಬ್ಬ ನಿಲ್ಲಲಿಲ್ಲ. ಅವುಗಳ ಪಕ್ಕೆಲುಬು ನೋಡಿ ಹೊಟ್ಟೆ ಉರಿಯುತ್ತಿತ್ತು. ಈ ಸಲ ಹಾಗಾಗಬಾರದು. ಮೂರೂ ಎಕರೆಗೆ ನೇಪಿಯರ್ ಹಾಕಿಬಿಡು ಅಂತ ಪಕ್ಕದವರು ಹೇಳುತ್ತಿದ್ದಾರೆ. ಹಸ್ತ ಮಳೆ ಚೆನ್ನಾಗಿ ಬಿದ್ದಿದೆ, ನೆಲ ಇನ್ನೂ ಹಸಿ. ಏನು ಮಾಡಲಿ?

ಭೀಮೆಯ ದಂಡೆ:
ತಮ್ಮಾ, ಮೂರೂ ಎಕರೆಗೆ ನೇಪಿಯರ್ ಬೇಡ. ಮಾರ್ಚ್ ನಂತರ ನೀರಿಲ್ಲ ಅಂತ ನೀನೇ ಹೇಳುತ್ತಿದ್ದೀಯ, ನೇಪಿಯರ್ ನೀರು ಕುಡಿಯುವ ಹುಲ್ಲು. ಮೊದಲು ಒಣ ಮೇವಿನ ಲೆಕ್ಕ ಹಾಕು. ಒಂದು ಹಸುವಿಗೆ ದಿನಕ್ಕೆ 6 ಕಿಲೋ ಅಂದರೆ ಐದಕ್ಕೆ 30 ಕಿಲೋ, ಮಾರ್ಚ್‌ನಿಂದ ಜೂನ್‌ವರೆಗೆ ನಾಲ್ಕು ತಿಂಗಳಿಗೆ ಮೂರೂವರೆ ಟನ್ ದಾಟುತ್ತದೆ. ಅದು ಬರುವುದು ಹಿಂಗಾರಿ ಬಿಳಿಜೋಳದಿಂದ. ನಮ್ಮ ಬಿಜಾಪುರ, ಸೊಲ್ಲಾಪುರ ಕಡೆ ಮಾಲ್ದಂಡಿ ಅಂತೀವಲ್ಲ, ಎಂ 35-1, ಅದನ್ನೇ ಎರಡು ಎಕರೆಗೆ ಬಿತ್ತು. ಎಕರೆಗೆ 4 ಕಿಲೋ ಬೀಜ, ಸಾಲಿನಿಂದ ಸಾಲಿಗೆ ಒಂದೂವರೆ ಅಡಿ. ಹದ ಚೆನ್ನಾಗಿದ್ದರೆ ನನಗೆ ಎಕರೆಗೆ ಎರಡು ಟನ್ ಆಸುಪಾಸು ಕಣಿಕೆ, ಅಂದರೆ ಒಣ ದಂಟು ಬರುತ್ತದೆ, ಮನೆಗೆ ರೊಟ್ಟಿ ಜೋಳವೂ ಆಗುತ್ತದೆ. ತಡ ಮಾಡಬೇಡ, ಅಕ್ಟೋಬರ್ 15 ದಾಟಿದರೆ ನೆಲದ ಹಸಿ ಆರುತ್ತದೆ, ಸುಳಿ ನೊಣವೂ ಜಾಸ್ತಿ. ಎರಡು ಸಲ ಎಡೆ ಹೊಡೆದರೆ ಬಿರುಕು ಮುಚ್ಚುತ್ತದೆ, ತೇವ ಉಳಿಯುತ್ತದೆ.

ಇದೊಂದು ಮಾತು ಮಾತ್ರ ಮರೆಯಬೇಡ. ಜೋಳ ಇನ್ನೂ ಎಳೆಯದಾಗಿದ್ದಾಗ, ನೀರಿಲ್ಲದೆ ಬಾಡಿದಾಗ, ಕಟಾವಾದ ಮೇಲೆ ಕೂಳೆ ಚಿಗುರಿದಾಗ ಅದರಲ್ಲಿ ವಿಷ ಇರುತ್ತದೆ, ಸೈನೈಡ್. ನಮ್ಮ ಓಣಿಯಲ್ಲಿ ಒಬ್ಬರ ಹಸು ಕೂಳೆ ಹೊಲಕ್ಕೆ ನುಗ್ಗಿ ಮೇಯ್ದು, ಡಾಕ್ಟರ್ ಬರುವಷ್ಟರಲ್ಲಿ ಸತ್ತುಹೋಯಿತು. ಹಸಿ ಜೋಳ ಹೂ ಬಿಟ್ಟ ಮೇಲೆಯೇ ಕೊಡು. ಕೂಳೆಗೆ ದನ ಬಿಡಲೇಬೇಡ. ಮೇಯ್ದು ನಡುಗಿದರೆ, ಉಸಿರು ಕಟ್ಟಿದರೆ ಆ ಕ್ಷಣವೇ ಡಾಕ್ಟರ್‌ಗೆ ಫೋನ್ ಮಾಡು.

ಉರುಳಿ ಕಾಂಚನ್ ಕಾಕಾ:
ಅವರು ಹೇಳಿದ್ದು ಸರಿ. ಆದರೂ ಹಸಿ ಮೇವು ಒಂದಿಷ್ಟು ಬೇಕೇ ಬೇಕು, ಅಲ್ವಾ? ಬಾವಿ ಪಕ್ಕ 10 ಗುಂಟೆ ನೇಪಿಯರ್ ಸಾಕು. ನಮ್ಮೂರಲ್ಲೇ ಬಾಯ್ಫ್ ಇದೆ, ಮಣಿಭಾಯಿ ದೇಸಾಯಿಯವರು 1967ರಲ್ಲಿ ಕಟ್ಟಿದ, ಹಸು ಸಾಕಣೆ, ಮೇವಿನ ಕೆಲಸ ಮಾಡುವ ಸಂಸ್ಥೆ. ಅವರ ನೇಪಿಯರ್ ತಳಿ ಬಿಎನ್‌ಎಚ್-10 ನನ್ನ ಹೊಲದಲ್ಲಿ ಚೆನ್ನಾಗಿ ಬಂದಿದೆ. ಎರಡು ಕಣ್ಣಿನ ಕಾಂಡದ ತುಂಡು, ಒಂದು ಕಣ್ಣು ಮಣ್ಣೊಳಗೆ, 3 ಅಡಿಗೆ 2 ಅಡಿ. 10 ಗುಂಟೆಗೆ ಸುಮಾರು 1,800 ತುಂಡು ಬೇಕು. ಚಳಿ ಬಂದರೆ ಚಿಗುರು ನಿಧಾನ, ಅದಕ್ಕೆ ಈ ವಾರವೇ ನೆಡಿ. ಮೊದಲ ಕೊಯ್ಲು ಎರಡೂವರೆ ತಿಂಗಳಿಗೆ, ಆಮೇಲೆ ಒಂದೂವರೆ ತಿಂಗಳಿಗೊಮ್ಮೆ.

ಜೊತೆಗೆ 5 ಗುಂಟೆ ಕುದುರೆ ಮಸಾಲೆ ಹಾಕಿ, ಅದು ಲೂಸರ್ನ್ ಅನ್ನುವ ಮೇವಿನ ಸೊಪ್ಪು, ಇಲ್ಲಿಯವರು ಲಸೂಣ್ ಘಾಸ್ ಅನ್ನುತ್ತಾರೆ. ಹಿಂಡಿ ಖರ್ಚು ಇಳಿಯುತ್ತದೆ. ಬೀಜದಲ್ಲಿ ಬೆಳೆಯ ರಸ ಹೀರುವ ಅಮರಬಳ್ಳಿಯ (ಕಸ್ಕ್ಯೂಟಾ) ಬೀಜ ಸೇರಿದ್ದರೆ ಇಡೀ ಪಟ್ಟಿ ಹೋದ ಹಾಗೆ. ಉಪ್ಪು ನೀರಲ್ಲಿ ಹಾಕಿ, ತೇಲಿದ್ದನ್ನು ಚೆಲ್ಲಿ, ಚೆನ್ನಾಗಿ ತೊಳೆದು ಬಿತ್ತಿ. ಎರೆಯಲ್ಲಿ ನೀರು ನಿಂತರೆ ಬೇರು ಕೊಳೆಯುತ್ತದೆ, ಹೀಗಾಗಿ ಬಸಿಗಾಲುವೆ ತೆಗೆಯದೆ ಹಾಕಬೇಡಿ. ಬರೀ ಹಸಿ ಮಸಾಲೆ ಹಾಕಿದರೆ ಹೊಟ್ಟೆ ಉಬ್ಬರಿಸುತ್ತದೆ. ಬಾಡಿಸಿ, ಕಣಿಕೆ ಜೊತೆ ಕಲೆಸಿ.

ಇನ್ನು ಸೋಗೆ ವಿಷಯ. ಅದರಲ್ಲಿ ಆಕ್ಸಲೇಟ್ ಇರುತ್ತದೆ, ಸುಣ್ಣದ ಅಂಶವನ್ನು ಮೈಗೆ ಸೇರಲು ಬಿಡುವುದಿಲ್ಲ. ಗಬ್ಬ ನಿಲ್ಲದ್ದಕ್ಕೆ ಅದೂ ಒಂದು ಕಾರಣ ಇರಬಹುದು, ಹಸುಗಳನ್ನು ಒಮ್ಮೆ ಡಾಕ್ಟರ್‌ಗೆ ತೋರಿಸಿ. ಖನಿಜ ಮಿಶ್ರಣ ದಿನಾ 50 ಗ್ರಾಂ ತಪ್ಪಿಸಬೇಡಿ.

ಚಾಕಣ್ ಅಕ್ಕ:
ಉಳಿದ ಜಾಗದಲ್ಲಿ ಅರ್ಧ ಎಕರೆ ಆಫ್ರಿಕನ್ ಟಾಲ್ ತಳಿಯ ಗೋವಿನಜೋಳ ಹಾಕಿ ಮುರಘಾಸ್ (ಸೈಲೇಜ್, ಗಾಳಿಯಾಡದಂತೆ ಕಟ್ಟಿಟ್ಟ ಹಸಿ ಮೇವು) ಮಾಡಿಡು ತಮ್ಮಾ. ನಾನು ಮೂರು ವರ್ಷದಿಂದ ಚೀಲದಲ್ಲಿ ಮಾಡುತ್ತಿದ್ದೇನೆ. ಮೊದಲ ವರ್ಷ ಅವಸರ ಮಾಡಿ ಕಾಳು ಕಟ್ಟುವ ಮೊದಲೇ ಕೊಯ್ದೆ. ಚೀಲದ ತಳದಲ್ಲಿ ನೀರು ನಿಂತು ಹುಳಿ ನಾತ, ಹಸು ಮೂಸಿಯೂ ನೋಡಲಿಲ್ಲ. ಹನ್ನೊಂದು ಚೀಲ ತಿಪ್ಪೆಗೆ ಹೋಯಿತು, ಅವತ್ತು ಅಳು ಬಂದಿತ್ತು. ಕಾಳು ಒತ್ತಿದಾಗ ಹಾಲು ಗಟ್ಟಿಯಾಗಿ ಹಿಟ್ಟಿನ ಹಾಗೆ ಇರಬೇಕು, ಆಗ ಕೊಯ್ಯಬೇಕು. ಸಣ್ಣಗೆ ಕತ್ತರಿಸಿ ಕುಟ್ಟಿ ಮಾಡಿದ್ದನ್ನು ಮುಷ್ಟಿಯಲ್ಲಿ ಹಿಂಡಿದರೆ ಉಂಡೆ ನಿಲ್ಲಬೇಕು, ನೀರು ಸೋರಬಾರದು. ಗಾಳಿ ಉಳಿಯದ ಹಾಗೆ ಪದರ ಪದರವಾಗಿ ತುಳಿದು, ಬಿಗಿಯಾಗಿ ಕಟ್ಟಿ 45 ದಿನ ಮುಟ್ಟಬೇಡ. ಇಲಿ ಒಂದು ತೂತು ಮಾಡಿದರೂ ಬೂಸಲು ಬರುತ್ತದೆ, ಬೂಸಲು ಬಂದದ್ದನ್ನು ಹಾಕಲೇಬೇಡ. ಹಾಲು ಕರೆದ ಮೇಲೆ ಹಾಕು, ಇಲ್ಲದಿದ್ದರೆ ಹಾಲಿಗೆ ವಾಸನೆ ಹತ್ತುತ್ತದೆ. ಸುಳಿಯಲ್ಲಿ ಸೈನಿಕ ಹುಳು ಇದೆಯಾ ಅಂತ ಮೊದಲ ತಿಂಗಳು ವಾರಕ್ಕೆರಡು ಸಲ ನೋಡುತ್ತಿರು.

ಹಡಪ್ಸರ್ ಹೈದ:
ಅಣ್ಣ, ಕಾಕಾ, ಅಕ್ಕ, ತುಂಬಾ ಉಪಕಾರ. ನಾಳೆಯೇ ಮಾಲ್ದಂಡಿ ಬೀಜ ತರುತ್ತೇನೆ. ಹೊಲದ ಕೆಳಗಿನ ಮೂಲೆಯಲ್ಲಿ ನೆಲದ ಮೇಲೆ ಬಿಳಿ ಉಪ್ಪು ಕಾಣುತ್ತದೆ, ಅಲ್ಲೂ ಜೋಳ ಬಿತ್ತಬಹುದಾ?

ಉರುಳಿ ಕಾಂಚನ್ ಕಾಕಾ:
ಆ ಮೂಲೆ ಬಿಟ್ಟುಬಿಡಿ, ಅಲ್ಲಿ ಬೀಜ ಸುಮ್ನೆ ಹಾಳು. ಕಾಲುವೆ ಬದಿಯ ಹೊಲಗಳಲ್ಲಿ ಇದು ಜಾಸ್ತಿ. ಮೊದಲು ಮಣ್ಣು ಪರೀಕ್ಷೆ ಮಾಡಿಸಿ, ಉಪ್ಪೋ ಕ್ಷಾರವೋ ಗೊತ್ತಾಗಲಿ. ಕ್ಷಾರ ಇದ್ದರೆ ಮಾತ್ರ ಜಿಪ್ಸಮ್. ಬರೀ ಉಪ್ಪಾದರೆ ಬಸಿಗಾಲುವೆ ತೆಗೆದು, ಮುಂದಿನ ಮಳೆಗಾಲಕ್ಕೆ ಹಸಿರು ಗೊಬ್ಬರದ ಗಿಡ ಡಯಾಂಚ ಬಿತ್ತಿ ಮಣ್ಣಿಗೆ ಸೇರಿಸಿ. ಸದ್ಯಕ್ಕೆ ಬಣವೆ ಒಟ್ಟಲು ಆ ಜಾಗ ಬಳಸಿ, ಕೆಳಗೆ ಕಲ್ಲು ಹಾಸುವುದು ಮರೆಯಬೇಡಿ.