ಸಹಾಯ ಬೇಕು: ಮಗಳು ಉಗಾಂಡಾಕ್ಕೆ ಹೊರಟಿದ್ದಾಳೆ

ಎಲ್ಲರಿಗೂ ನಮಸ್ಕಾರ. ನಾವು ಬಜ್ಪೆ ಕಡೆಯವರು. ದೊಡ್ಡ ಮಗಳು ಸಿಸ್ಟರ್ (ಕ್ರೈಸ್ತ ಸನ್ಯಾಸಿನಿ), ನರ್ಸಿಂಗ್ ಓದಿದ್ದಾಳೆ. ಈಗ ಅವಳ ಸಭೆಯವರು ಉಗಾಂಡಾದ ಒಂದು ಹಳ್ಳಿ ಆಸ್ಪತ್ರೆಗೆ ಸೇವೆಗೆ ಕಳಿಸುತ್ತಿದ್ದಾರೆ. ಸೆಪ್ಟೆಂಬರ್ 8ರ ಮೊಂತಿ ಹಬ್ಬಕ್ಕೆ ಮನೆಗೆ ಬಂದು, ಹೊಸ ತೆನೆಯ ಊಟ ಮುಗಿಸಿ, ತಿಂಗಳ ಕೊನೆಗೆ ಹೊರಡುತ್ತಾಳೆ.

ವೀಸಾ, ಟಿಕೆಟ್ ಸಭೆಯವರೇ ನೋಡಿಕೊಳ್ಳುತ್ತಾರೆ. ನನ್ನ ತಲೆಬಿಸಿ ಬೇರೆ. ಹಳದಿ ಜ್ವರದ ಲಸಿಕೆಯ ಕಾರ್ಡ್ ಅಲ್ಲಿಗೆ ಬೇಕೇ ಬೇಕು. ಒಬ್ಬ ಏಜೆಂಟ್ ಹೊರಡುವ ವಾರ ಹಾಕಿಸಿದರೆ ಸಾಕು ಎಂದಿದ್ದರು. ಆದರೆ ಲಸಿಕೆ ಹಾಕಿಸಿ 10 ದಿನ ಆದ ಮೇಲೆಯೇ ಆ ಕಾರ್ಡ್ ನಡೆಯುವುದಂತೆ! ಪುಣ್ಯಕ್ಕೆ ಮೊದಲೇ ಗೊತ್ತಾಯಿತು. ಮಂಗಳೂರು, ಮಣಿಪಾಲದಲ್ಲಿ ಯಾರಾದರೂ ಇತ್ತೀಚೆಗೆ ಹಾಕಿಸಿದ್ದೀರಾ? ಇಲ್ಲ, ಬೆಂಗಳೂರಿಗೇ ಹೋಗಬೇಕಾ?

ಮಲೇರಿಯಾ ಮಂಗಳೂರಿನವರಿಗೆ ಹೊಸದಲ್ಲ. ಆದರೆ ನಮ್ಮಲ್ಲಿ ಜಾಸ್ತಿ ವೈವಾಕ್ಸ್ ಎಂಬ ಬಗೆಯ ಮಲೇರಿಯಾ, ಅಲ್ಲಿ ಹೆಚ್ಚಾಗಿ ಫಾಲ್ಸಿಪಾರಂ ಬಗೆಯದ್ದು, ಅದು ಜೋರು. ಅಲ್ಲಿದ್ದು ಬಂದವರು ಮಾತ್ರೆ ತೆಗೆದುಕೊಳ್ಳುತ್ತಿದ್ದಿರಾ, ಸುಮ್ನೆ ಸೊಳ್ಳೆಪರದೆಯಲ್ಲೇ ಕಳೆದಿರಾ? ಡಾಕ್ಟರನ್ನು ಕೇಳುತ್ತೇವೆ, ನಿಮ್ಮ ಅನುಭವವೂ ಬೇಕು.

ಇನ್ನು ಅವಳ ಅಮ್ಮನ ಪ್ರಶ್ನೆ. ಬಫಾತ್ ಪುಡಿ, ಮಾವಿನ ಮಿಡಿ ಉಪ್ಪಿನಕಾಯಿ, ಒಣಮೀನು ಕಟ್ಟುತ್ತಾ ಕೂತಿದ್ದಾಳೆ. ಒಣಮೀನು ಏರ್‌ಪೋರ್ಟಿನಲ್ಲಿ ಬಿಡುತ್ತಾರಾ? ಮಗಳು "ಅಲ್ಲಿ ಮತ್ತೋಕೆ ತಿಂತೇನೆ ಅಮ್ಮಾ" ಅನ್ನುತ್ತಾಳೆ. ಮತ್ತೋಕೆ ಅಂದರೆ ಬೇಯಿಸಿದ ಬಾಳೆಕಾಯಿಯಂತೆ. ಅವಳ ಅಮ್ಮ ಕೇಳಬೇಕಲ್ಲ!

ಪ್ಲಗ್ ಅಡಾಪ್ಟರ್ ತೆಗೆದುಕೊಂಡಾಯಿತು, ಚಪ್ಪಟೆ ಮೂರು ಪಿನ್ನಿನದ್ದು. ಅಲ್ಲಿಂದ ವಾಟ್ಸಾಪ್ ಕರೆ ಸರಿ ಬರುತ್ತದಾ, ಗೊತ್ತಿದ್ದವರು ದಯವಿಟ್ಟು ತಿಳಿಸಿ.