ಶಾಸ್ತ್ರೀಯ ಸಂಗೀತದ ರೇಡಿಯೋಗೆ ಕೇಳುಗರೇ ದುಡ್ಡು ಹಾಕಬೇಕಾ?

ಎಡಿಸನ್ ಕನ್ನಡಿಗ:
ನ್ಯೂಯಾರ್ಕಿನ ಡಬ್ಲ್ಯೂಕ್ಯೂಎಕ್ಸ್‌ಆರ್ ಪಾಶ್ಚಾತ್ಯ ಶಾಸ್ತ್ರೀಯ ಸಂಗೀತದ ರೇಡಿಯೋ ಸ್ಟೇಷನ್. 2009ರಲ್ಲಿ ನ್ಯೂಯಾರ್ಕ್ ಟೈಮ್ಸ್ ಅದನ್ನ ಕೈಬಿಟ್ಟಾಗ ಸಾರ್ವಜನಿಕ ರೇಡಿಯೋ ಸಂಸ್ಥೆಯೊಂದು ಕೊಂಡುಕೊಂಡಿತು. ಈಗ ಅದನ್ನ ಮುಖ್ಯವಾಗಿ ಸಾಕೋದು ಕೇಳುಗರ ದೇಣಿಗೆ. ನಮ್ಮಲ್ಲೂ ಆಕಾಶವಾಣಿಯವರು 2016ರ ಜನವರಿ 26ರಂದು ಬೆಂಗಳೂರಿಂದ 'ರಾಗಂ' ಅನ್ನೋ ಶಾಸ್ತ್ರೀಯ ಸಂಗೀತದ ಚಾನೆಲ್ ಶುರು ಮಾಡಿದ್ರು, ಕರ್ನಾಟಕ, ಹಿಂದೂಸ್ತಾನಿ ಎರಡೂ ಬರುತ್ತೆ. ಎಲ್ಲರೂ ಪುಕ್ಕಟೆ ಕೇಳ್ತೀವಿ. ಚಾಮರಾಜಪೇಟೆಯ ರಾಮನವಮಿ ಕಛೇರಿಗಳಿಗೆ ಟಿಕೆಟ್ ಕೊಳ್ಳೋ ಜನ ತಿಂಗಳಿಗೆ ನೂರು ರೂಪಾಯಿ ಇಂಥ ಸ್ಟೇಷನ್ನಿಗೆ ಕೊಡಲಾರರೇ?

ಲೆಕ್ಕದ ರಾಯ:
"ಪುಕ್ಕಟೆ" ಅಂತೆ! ತೆರಿಗೆ ಯಾರ ಜೇಬಿಂದ ಹೋಗುತ್ತೆ ಸ್ವಾಮಿ? ರೇಡಿಯೋಗೆ ಲೈಸೆನ್ಸ್ ಇದ್ದ ಕಾಲದಲ್ಲಿ ನಮ್ಮ ತಾತ ವರ್ಷಾ ವರ್ಷಾ ಪೋಸ್ಟಾಫೀಸಿಗೆ ಹೋಗಿ ದುಡ್ಡು ಕಟ್ಟಿ ಬರ್ತಿದ್ರು. ನಾವು ಕೊಟ್ಟಾಯ್ತು.

ಎಡಿಸನ್ ಕನ್ನಡಿಗ:
ಆ ಲೈಸೆನ್ಸು 1980ರ ದಶಕದಲ್ಲೇ ಹೋಯ್ತು. ತಾತ ಕಟ್ಟಿದ ರಸೀದಿ ಹಿಡ್ಕೊಂಡು ಮೊಮ್ಮಗ ಇನ್ನೂ ಎಷ್ಟು ದಿನ ಕೇಳ್ತಾರೆ?

ಖಂಡ ಛಾಪು:
"ಕೊಂಡುಕೊಂಡಿತು" ಅಂತ ನಿಲ್ಲಿಸಿಬಿಟ್ರಲ್ಲ, ಮುಂದಿನದೂ ಹೇಳಿ. ಆ ನ್ಯೂಯಾರ್ಕ್ ಸ್ಟೇಷನ್ನಿನ ಪ್ರಸಾರ ಶಕ್ತಿ 96.3 ಎಫ್ಎಂನಲ್ಲಿ 6,000 ವ್ಯಾಟ್ ಇದ್ದದ್ದು 105.9ಕ್ಕೆ ಹೋಗಿ ಸುಮಾರು 600 ವ್ಯಾಟ್ ಆಯ್ತು. ಕೇಳುಗರು ಸಾಕಿದ ರೇಡಿಯೋ ಹತ್ತರಲ್ಲಿ ಒಂದು ಪಾಲಿಗೆ ಇಳೀತು.

ಕುಕ್ಕರಹಳ್ಳಿ ವಾಕರ್:
ಅಮೆರಿಕಾ ಯಾಕ್ರೀ ಬೇಕು? 1935ರಲ್ಲಿ ಮೈಸೂರಲ್ಲಿ ಮಹಾರಾಜಾ ಕಾಲೇಜಿನ ಸೈಕಾಲಜಿ ಪ್ರೊಫೆಸರ್ ಎಂ.ವಿ. ಗೋಪಾಲಸ್ವಾಮಿ ತಮ್ಮ ಮನೆ 'ವಿಠಲ ವಿಹಾರ'ದಲ್ಲೇ ರೇಡಿಯೋ ಶುರು ಮಾಡಿದ್ರು. ಸರ್ಕಾರದ ಆರ್ಡರ್ ಬರಲಿ ಅಂತ ಕಾದು ಕೂತವರಲ್ಲ. ಸಮುದಾಯದ ಬೆಂಬಲ ಅಂದ್ರೆ ಅದು. ಆಕಾಶವಾಣಿ ಅನ್ನೋ ಹೆಸರೂ ಅಲ್ಲಿಂದಲೇ ಬಂದದ್ದು.

ಲೆಕ್ಕದ ರಾಯ:
ಎಷ್ಟು ವರ್ಷ ನಡೀತು? 1940ರ ದಶಕದ ಶುರುವಿಗೇ ಸಂಸ್ಥಾನದ ಸರ್ಕಾರ ವಹಿಸ್ಕೊಳ್ಳಬೇಕಾಯ್ತು. ಪ್ರೊಫೆಸರ್ ಸಂಬಳದಲ್ಲಿ ರೇಡಿಯೋ ನಡೆಯಲ್ಲ ಅಂತ ಅವತ್ತೇ ಗೊತ್ತಾಯ್ತು.

ತಂಬೂರಿ ತಂತಿ:
ವಾಕರ್ ಅವರೇ, "ಹೆಸರೂ ಅಲ್ಲಿಂದಲೇ" ಅನ್ನೋದಕ್ಕೆ ಆಧಾರ? ಟಾಗೋರರು ಕಲ್ಕತ್ತಾ ಶಾರ್ಟ್‌ವೇವ್ ಸ್ಟೇಷನ್ನಿಗೆ ಬರೆದ ಕವಿತೆಯಲ್ಲೇ ಆಕಾಶವಾಣಿ ಇದೆ.

ಕುಕ್ಕರಹಳ್ಳಿ ವಾಕರ್:
ಆ ಕವಿತೆ 1938ರದ್ದು. 1935 ಮೊದಲು ಬರುತ್ತೋ 1938ಓ? ಕ್ಯಾಲೆಂಡರ್ ಕಳಿಸಿಕೊಡ್ಲಾ?

ಖಂಡ ಛಾಪು:
ಹೆಸರು ಇಟ್ಟದ್ದು ಗೋಪಾಲಸ್ವಾಮಿ ಅಲ್ಲ, ಸಾಹಿತಿ ನಾ. ಕಸ್ತೂರಿ ಅಂತ ಕೇಳಿದ್ದೀನಿ.

ಕುಕ್ಕರಹಳ್ಳಿ ವಾಕರ್:
ನಾನು ಮೈಸೂರು ಅಂದೆ, ಗೋಪಾಲಸ್ವಾಮಿ ಇಟ್ಟರು ಅಂತ ಎಲ್ಲಿ ಬರ್ದಿದ್ದೀನಿ ತೋರಿಸಿ. ಕಸ್ತೂರಿ ಏನು ಕಲ್ಕತ್ತಾದಲ್ಲಿ ಕೂತಿದ್ರಾ?

ತಂಬೂರಿ ತಂತಿ:
ಹಾಗಾದ್ರೆ ಕಂಸನಿಗೆ ದೇವಕಿ ಮದುವೆ ದಿನ ಕೇಳಿಸಿದ್ದು ಯಾವ ಸ್ಟೇಷನ್ನು? ಪುರಾಣದ ಪದಕ್ಕೆ ಮೈಸೂರಿನವರು ಪೇಟೆಂಟ್ ತಗೊಂಡ್ರಾ?

ಪೇಡೆ ಪ್ರಿಯ, ಧಾರವಾಡ:
ಅದು ಅಶರೀರವಾಣಿ ಅದಾರೀ ತಂಗಿ, ಆಕಾಶವಾಣಿ ಅಲ್ಲ. ಮತ್ತ ಮೈಸೂರವರಿಗೆ ಒಂದು ಮಾತು. ಹೆಸರು ನಿಮ್ಮದಿರಲಿ, ದನಿ ನಮ್ಮದು. ಧಾರವಾಡ ಕೇಂದ್ರ 1950ರಾಗ ಆತು, ಬೆಂಗಳೂರಿಂದು 1955ಕ್ಕ. ಮಲ್ಲಿಕಾರ್ಜುನ ಮನ್ಸೂರರಂಥವರು ಸಂಗೀತ ಸಲಹೆಗಾರರಾಗಿದ್ರು ಇಲ್ಲೆ. ಅವರಿಗೆ ಪಗಾರ ಕೊಟ್ಟಿದ್ದು ನಿಮ್ಮ ನೂರು ರೂಪಾಯಿ ಅಲ್ಲ, ಸರ್ಕಾರ.

ಎಡಿಸನ್ ಕನ್ನಡಿಗ:
ಸರ್ಕಾರದ ಹಿರಿಮೆ ಅಂದ್ರೆ ಇದೂ ಸೇರುತ್ತಾ? 1940ರಲ್ಲಿ ರೇಡಿಯೋದಿಂದ ಹಾರ್ಮೋನಿಯಂ ಓಡಿಸಿದ್ದು ಯಾರು?

ಪೇಡೆ ಪ್ರಿಯ, ಧಾರವಾಡ:
ಬ್ರಿಟಿಷರು! ಅವರ ಪಾಪ ನಮ್ಮ ತಲಿಮ್ಯಾಲ ಯಾಕ ಹಾಕ್ತೀರಿ?

ಖಂಡ ಛಾಪು:
ಬ್ರಿಟಿಷರು 1947ಕ್ಕೆ ಹೋದ್ರು. ಆಮೇಲೂ ಎರಡು ದಶಕಕ್ಕೂ ಹೆಚ್ಚು ಕಾಲ ಆ ಹಾರ್ಮೋನಿಯಂ ಪೆಟ್ಟಿಗೆಗೆ ಆಕಾಶವಾಣಿ ಒಳಗೆ ಜಾಗ ಇರಲಿಲ್ಲ. ವಾರ್ತಾ ಮತ್ತು ಪ್ರಸಾರ ಸಚಿವ ಬಿ.ವಿ. ಕೇಸ್ಕರ್ ಸಿನಿಮಾ ಹಾಡನ್ನೂ ಒತ್ತಿಟ್ಟರು, ಜನ ರೇಡಿಯೋ ಸಿಲೋನಿಗೆ ಹೋದ್ರು, ಕೊನೆಗೆ 1957ರಲ್ಲಿ ವಿವಿಧ ಭಾರತಿ ಮಾಡಬೇಕಾಯ್ತು.

ತಂಬೂರಿ ತಂತಿ:
ಕೇಸ್ಕರ್ ಕಾಲದಲ್ಲೇ ಸಂಗೀತದ ರಾಷ್ಟ್ರೀಯ ಕಾರ್ಯಕ್ರಮ (1952), ಆಕಾಶವಾಣಿ ಸಂಗೀತ ಸಮ್ಮೇಳನ (1954) ಶುರುವಾಗಿದ್ದು. ಅದನ್ನ ಮಾತ್ರ ನುಂಗಿಬಿಡಿ. ಕಲಾವಿದರಾದ ನಿಮಗೆ ಆಕಾಶವಾಣಿಯ ಆಡಿಷನ್ನಲ್ಲಿ ಗ್ರೇಡ್ ಕೊಟ್ಟದ್ದೂ ಅದೇ ಸರ್ಕಾರ ತಾನೇ? ಕಛೇರಿ ಆಹ್ವಾನದಲ್ಲಿ "ಬಿ-ಹೈ" ಅಂತ ಹಾಕ್ಕೊಳ್ಳೋವಾಗ ನಾಚಿಕೆ ಆಗಲ್ವಾ?

ಖಂಡ ಛಾಪು:
ನನ್ನದು ಎ ಗ್ರೇಡ್. ತಿಳ್ಕೊಂಡು ಮಾತಾಡಿ.

ಲೆಕ್ಕದ ರಾಯ:
😂 ಇಷ್ಟು ಹೊತ್ತಿಗೆ ಒಂದು ಖಚಿತ ಮಾಹಿತಿ ಸಿಕ್ತು.

ಎಡಿಸನ್ ಕನ್ನಡಿಗ:
ಮೂಲ ಪ್ರಶ್ನೆಗೆ ಬರೋಣ್ವಾ? ಸರ್ಕಾರ ಬೇಡ ಅಂತ ನಾನು ಅಂದೇ ಇಲ್ಲ. 2006ರ ನೀತಿ ಪ್ರಕಾರ ಸಂಘ ಸಂಸ್ಥೆಗಳೂ ಸಮುದಾಯ ರೇಡಿಯೋ ನಡೆಸಬಹುದು. ಬೆಂಗಳೂರಿನ ನಾಲ್ಕು ಸಂಗೀತ ಸಭಾಗಳು ಸೇರಿ ಒಂದು ಹಾಕಿದ್ರೆ?

ಖಂಡ ಛಾಪು:
ನೂರು ವ್ಯಾಟ್ ರೇಡಿಯೋ. ಬಸವನಗುಡೀಲಿ ಹಾಡಿದ್ರೆ ಯಲಹಂಕದವರಿಗೆ ಕೇಳೋದು ಅನುಮಾನ. ನೀವಿರೋ ಅಮೆರಿಕಾದ ಎಡಿಸನ್ ಊರಿಗೆ ಅಂತೂ ಬಿಡಿ. ಅದೂ ಅರ್ಧ ಕಾರ್ಯಕ್ರಮ ಆ ಏರಿಯಾದ ಜನರೇ ಸೇರಿ ಮಾಡಿರಬೇಕು.

ತಂಬೂರಿ ತಂತಿ:
ಬಸವನಗುಡೀಲಿ ಅದೇನು ಕಷ್ಟ, ಮನೆಗೊಂದು ತಂಬೂರಿ ಇದೆ.

ಕುಕ್ಕರಹಳ್ಳಿ ವಾಕರ್:
"ನೂರು ವ್ಯಾಟ್" ಅಂತ ಮೂಗು ಮುರೀತೀರಲ್ಲ, ಗೋಪಾಲಸ್ವಾಮಿ ಶುರು ಮಾಡಿದ್ದು 30 ವ್ಯಾಟಲ್ಲಿ!

ಲೆಕ್ಕದ ರಾಯ:
250 ವ್ಯಾಟ್ ಅಂತ ಓದಿದ ನೆನಪು.

ಕುಕ್ಕರಹಳ್ಳಿ ವಾಕರ್:
ಅದು ಆಮೇಲೆ ಬಂದದ್ದು. ಶುರುವಿನದು 30.

ಹೊಸಬಳು:
ಕ್ಷಮಿಸಿ, ಮಧ್ಯೆ ಬಂದೆ. ನಮ್ಮಮ್ಮನಿಗೆ ಫೋನಿನಲ್ಲಿ ರಾಗಂ ಹಾಕಿಕೊಡಬೇಕು. ಹೇಗೆ?

ಪೇಡೆ ಪ್ರಿಯ, ಧಾರವಾಡ:
ನ್ಯೂಸ್‌ಆನ್‌ಏರ್ ಅಂತ ಆ್ಯಪ್ ಅದ ನೋಡ್ರಿ, ಇಳಿಸ್ಕೊಳ್ರಿ. ರೊಕ್ಕ ಏನೂ ಇಲ್ಲ.

ಎಡಿಸನ್ ಕನ್ನಡಿಗ:
"ರೊಕ್ಕ ಏನೂ ಇಲ್ಲ." ನಾನು ಬೆಳಗ್ಗಿಂದ ಹೇಳ್ತಿರೋದು ಅದನ್ನೇ.

ಲೆಕ್ಕದ ರಾಯ:
ಡಾಟಾ ಪ್ಯಾಕು ನಿಮ್ಮಪ್ಪ ಹಾಕಿಸ್ತಾರಾ?

ಕುಕ್ಕರಹಳ್ಳಿ ವಾಕರ್:
ಅಪ್ಪಂದಿರ ವಿಷಯ ಬೇಡ. 30 ವ್ಯಾಟ್ ಒಪ್ಕೊಳ್ತೀರೋ ಇಲ್ವೋ, ಅದನ್ನ ಹೇಳಿ ಮೊದಲು.